ತಿದ್ದುವುದು, ಬಿಡುವುದು: ಫಿಟ್ಸ್‌ಜೆರಾಲ್ಡ್‌ನ ಕರಡುಗಳು

ಕಾದಂಬರಿಯ ಮೊದಲ ಕರಡಿಗೆ ತನ್ನದೇ ಆದ ಕೊನೆಯೊಂದಿದೆ. ಕಥೆ ಮುಗಿದಾಗ ಅದೂ ಮುಗಿಯುತ್ತದೆ. ತಿದ್ದುವ ಕೆಲಸಕ್ಕೆ ಅಂಥ ಕೊನೆ ಇಲ್ಲ. ಒಂದೇ ವಾಕ್ಯವನ್ನು ಹತ್ತು ಬಗೆಯಲ್ಲಿ ಬರೆಯಬಹುದು, ಒಂದು ಅಧ್ಯಾಯವನ್ನು ಹಿಂದಕ್ಕೋ ಮುಂದಕ್ಕೋ ಸರಿಸಬಹುದು, ಸತ್ತ ಪಾತ್ರವನ್ನು ಬದುಕಿಸಬಹುದು. ಹೀಗಾಗಿ ಹಸ್ತಪ್ರತಿ ಯಾವಾಗ ಮುಗಿಯಿತು ಎಂಬ ಪ್ರಶ್ನೆಗೆ ಉತ್ತರವನ್ನು ಬರೆಯುವವನೇ ಕಂಡುಕೊಳ್ಳಬೇಕಾಗುತ್ತದೆ. ಈ ಹುಡುಕಾಟದ ದಾಖಲೆ ಬಹಳ ಕಡಿಮೆ ಲೇಖಕರ ವಿಷಯದಲ್ಲಿ ಪೂರ್ತಿಯಾಗಿ ಉಳಿದಿದೆ. ಅಮೆರಿಕದ ಕಾದಂಬರಿಕಾರ ಎಫ್. ಸ್ಕಾಟ್ ಫಿಟ್ಸ್‌ಜೆರಾಲ್ಡ್ (1896–1940) ಅಂಥವರಲ್ಲೊಬ್ಬ. ಆತನ ಪೆನ್ಸಿಲ್ ಬರಹದ ಹಸ್ತಪ್ರತಿಗಳು, ತಿದ್ದಿದ ಕರಡಚ್ಚುಗಳು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಸಂಪಾದಕ ಮ್ಯಾಕ್ಸ್‌ವೆಲ್ ಪರ್ಕಿನ್ಸ್‌ಗೆ ಬರೆದ ಪತ್ರಗಳಲ್ಲಿ, ಆಮೇಲಿನ ಮುನ್ನುಡಿಯೊಂದರಲ್ಲಿ ಆತ ಬರೆದು ತಿದ್ದಿದ ದಿನಗಳನ್ನು ಮತ್ತೆ ಮತ್ತೆ ನೆನೆದಿದ್ದಾನೆ. ಒಂದು ಪುಸ್ತಕವನ್ನು ಸರಿಯಾದ ಹೊತ್ತಿಗೆ ಕೈಬಿಟ್ಟದ್ದು, ಇನ್ನೊಂದನ್ನು ಕೊನೆಯವರೆಗೂ ಬಿಡಲಾರದೆ ಒದ್ದಾಡಿದ್ದು, ಎರಡೂ ಆತನ ಬದುಕಿನಲ್ಲಿಯೇ ಸಿಗುತ್ತವೆ.

ತಿದ್ದುಪಡಿಯ ಮೊದಲ ಪಾಠ ಆತನಿಗೆ ಸೈನ್ಯದಲ್ಲಿದ್ದಾಗ ಸಿಕ್ಕಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಕ್ಯಾನ್ಸಸ್‌ನ ಫೋರ್ಟ್ ಲೆವೆನ್‌ವರ್ತ್ ಶಿಬಿರದಲ್ಲಿ ತರಬೇತಿ ಪಡೆಯುತ್ತ, ವಾರದ ಕೊನೆಯ ಬಿಡುವಿನಲ್ಲಿ ಅಧಿಕಾರಿಗಳ ಕ್ಲಬ್ಬಿನಲ್ಲಿ ಕೂತು ಆತ ಒಂದು ಕಾದಂಬರಿ ಬರೆದ. ಅದರ ಹೆಸರು ‘ದಿ ರೊಮ್ಯಾಂಟಿಕ್ ಇಗೋಟಿಸ್ಟ್’. ಯುದ್ಧದಲ್ಲಿ ಸಾಯುವ ಮೊದಲು ಒಂದು ಪುಸ್ತಕ ಬಿಟ್ಟುಹೋಗಬೇಕೆಂಬ ಅವಸರದಲ್ಲಿ ಬರೆದದ್ದು. ನ್ಯೂಯಾರ್ಕಿನ ಸ್ಕ್ರಿಬ್ನರ್ಸ್ ಪ್ರಕಾಶನ 1918ರಲ್ಲಿ ಅದನ್ನು ಹಿಂದಿರುಗಿಸಿತು. ಜೊತೆಗೆ ಬಂದ ಪತ್ರ ಮಾತ್ರ ಪ್ರೋತ್ಸಾಹದ್ದೇ ಆಗಿತ್ತು. ಆತ ಬೇಗ ಬೇಗ ತಿದ್ದಿ ಮತ್ತೆ ಕಳಿಸಿದ. ಅದೂ ವಾಪಸ್ಸು ಬಂತು. ಯುದ್ಧ ಮುಗಿಯಿತು, ಆತ ಕಡಲು ದಾಟಲೇ ಇಲ್ಲ. ಝೆಲ್ಡಾ ಸೇಯರ್ ಜೊತೆಗಿನ ಮದುವೆಯ ಮಾತು ಮುರಿದುಬಿತ್ತು. 1919ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಜಾಹೀರಾತು ಕಂಪನಿಯ ಕೆಲಸ ಬಿಟ್ಟು, ಸೇಂಟ್ ಪಾಲ್ ನಗರದ ಸಮ್ಮಿಟ್ ಅವೆನ್ಯೂದಲ್ಲಿದ್ದ ತಂದೆ ತಾಯಿಯ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂತ.

ಈ ಸಲ ಆತ ತಿದ್ದಲಿಲ್ಲ, ಹೊಸದಾಗಿ ಬರೆದ. ಹಳೆಯ ಕರಡಿನಿಂದ ಬೇಕಾದ ಭಾಗಗಳನ್ನಷ್ಟೇ ಎತ್ತಿಕೊಂಡ. ಸೆಪ್ಟೆಂಬರಿನಲ್ಲಿ ಸ್ಕ್ರಿಬ್ನರ್ಸ್ ಒಪ್ಪಿಕೊಂಡಿತು. ಒಪ್ಪಿಸಿದವನು ಪರ್ಕಿನ್ಸ್. 1920ರ ಮಾರ್ಚ್ 26ರಂದು ‘ದಿಸ್ ಸೈಡ್ ಆಫ್ ಪ್ಯಾರಡೈಸ್’ ಎಂಬ ಹೆಸರಿನಲ್ಲಿ ಪುಸ್ತಕ ಹೊರಬಂತು. ಮುಂದಿನ ವಾರವೇ ಝೆಲ್ಡಾಳೊಂದಿಗೆ ಮದುವೆಯೂ ಆಯಿತು. ಮೇಲುಮೇಲಿನ ತಿದ್ದುಪಡಿ ಸೋತ ಕಡೆ ಮರುಬರಹ ಗೆದ್ದಿತ್ತು. ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ: ತಿದ್ದುಪಡಿಯಲ್ಲಿ ಹಳೆಯ ವಾಕ್ಯ ಕಣ್ಣ ಮುಂದಿದ್ದು ತನ್ನ ಜಾಗ ಬಿಟ್ಟುಕೊಡಲು ಒಪ್ಪುವುದಿಲ್ಲ, ಮರುಬರಹದಲ್ಲಿ ಅದು ಮತ್ತೆ ಬರಬೇಕಾದರೆ ತನ್ನ ಅಗತ್ಯವನ್ನು ಸಾಬೀತು ಮಾಡಬೇಕಾಗುತ್ತದೆ.

‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯ ಕಥೆ ಶುರುವಾಗುವುದು 1922ರಲ್ಲಿ. ಎರಡನೆಯ ಕಾದಂಬರಿ ‘ದಿ ಬ್ಯೂಟಿಫುಲ್ ಅಂಡ್ ಡ್ಯಾಮ್ಡ್’ ಅದೇ ವರ್ಷ ಬಂದಿತ್ತು. ಹೊಸದಾದ, ಸರಳವಾದ, ಆದರೆ ನೇಯ್ಗೆ ಬಿಗಿಯಾದ ಒಂದು ಪುಸ್ತಕ ಬರೆಯುವ ಆಸೆಯನ್ನು ಆ ಬೇಸಿಗೆಯಲ್ಲಿ ಆತ ಪರ್ಕಿನ್ಸ್‌ಗೆ ತಿಳಿಸಿದ. ಆಗ ಅಂದುಕೊಂಡಿದ್ದ ಕಥೆಯ ಕಾಲ 1885ರ ಸುಮಾರು. ಅದರಲ್ಲಿ ಕ್ಯಾಥೊಲಿಕ್ ಮತದ ಎಳೆಯೂ ಇತ್ತು. ಅಕ್ಟೋಬರಿನಲ್ಲಿ ಸಂಸಾರ ನ್ಯೂಯಾರ್ಕಿನ ಪಕ್ಕದ ಲಾಂಗ್ ಐಲೆಂಡಿನ ಗ್ರೇಟ್ ನೆಕ್‌ಗೆ ಬಂತು. ಅಲ್ಲಿನ ಹೊಸ ಹಣದ ಬಂಗಲೆಗಳು, ರಾತ್ರಿಯಿಡೀ ನಡೆಯುವ ಕೂಟಗಳು ಕಾದಂಬರಿಗೆ ನೆಲ ಒದಗಿಸಿದವು. ಆದರೆ ಬರವಣಿಗೆ ಸಾಗಲಿಲ್ಲ. ಆತ ಬರೆದ ‘ದಿ ವೆಜಿಟೆಬಲ್’ ಎಂಬ ನಾಟಕ 1923ರ ನವೆಂಬರಿನಲ್ಲಿ ಅಟ್ಲಾಂಟಿಕ್ ಸಿಟಿಯ ರಂಗದಲ್ಲಿ ಬಿದ್ದುಹೋಯಿತು. ಸಾಲ ತೀರಿಸಲು ಚಳಿಗಾಲವೆಲ್ಲ ಪತ್ರಿಕೆಗಳಿಗೆ ಸಣ್ಣಕತೆ ಬರೆಯಬೇಕಾಯಿತು.

ಆ ಹೊತ್ತಿಗೆ ಕಾದಂಬರಿಯ ಒಂದು ಭಾಗ ಬರೆದಾಗಿತ್ತು. 1924ರ ಏಪ್ರಿಲ್‌ನಲ್ಲಿ ಆತ ಅದರ ಬಹುಪಾಲನ್ನು ಪಕ್ಕಕ್ಕಿಟ್ಟು ಹೊಸ ದಿಕ್ಕಿನಿಂದ ಹೊರಟ. ಹಳೆಯ ಬರಹದ ಒಂದು ತುಣುಕು ‘ಆಬ್ಸಲ್ಯೂಶನ್’ ಎಂಬ ಕತೆಯಾಗಿ ಅದೇ ಜೂನ್‌ನಲ್ಲಿ ‘ದಿ ಅಮೆರಿಕನ್ ಮರ್ಕ್ಯುರಿ’ ಪತ್ರಿಕೆಯಲ್ಲಿ ಅಚ್ಚಾಯಿತು. ಇನ್ನೆರಡು ಪುಟಗಳು ಆಕಸ್ಮಿಕವಾಗಿ ಉಳಿದವು. ಗ್ಯಾಟ್ಸ್‌ಬಿಯ ಒಂದು ಭಾಗ ವಿಲ್ಲಾ ಕ್ಯಾಥರ್ ಬರೆದ ‘ಎ ಲಾಸ್ಟ್ ಲೇಡಿ’ ಕಾದಂಬರಿಯ ಒಂದು ಭಾಗವನ್ನು ಹೋಲುತ್ತದೆಂಬ ಅಳುಕಿನಿಂದ, ತಾನು ಅದನ್ನು ಮೊದಲೇ ಬರೆದಿದ್ದೆನೆಂದು ತೋರಿಸಲು ಆತ ಆ ಪುಟಗಳನ್ನು ಕ್ಯಾಥರ್‌ಗೆ ಕಳಿಸಿಕೊಟ್ಟಿದ್ದ.

ಆ ಎರಡು ಪುಟಗಳಿಂದ ಒಂದು ದೊಡ್ಡ ಸಂಗತಿ ತಿಳಿಯುತ್ತದೆ. ಮೊದಲ ರೂಪದಲ್ಲಿ ಕಥೆ ಹೇಳುತ್ತಿದ್ದವನು ಎಲ್ಲವನ್ನೂ ಹೊರಗಿನಿಂದ ಬಲ್ಲ ಲೇಖಕ. ನಿಕ್ ಕ್ಯಾರವೇ ಎಂಬ ನಿರೂಪಕ ಅಲ್ಲಿರಲಿಲ್ಲ. ಆಮೇಲೆ ಬಂದ ನಿಕ್ ನಾಯಕಿ ಡೇಸಿಯ ದೂರದ ಸೋದರಸಂಬಂಧಿ, ಗ್ಯಾಟ್ಸ್‌ಬಿಯ ಪಕ್ಕದ ಮನೆಯವನು, ಎರಡೂ ಕಡೆಗೆ ಹೋಗಿ ಬರಬಲ್ಲವನು. ಅವನಿಗೆ ಗೊತ್ತಾದಷ್ಟೇ ಓದುಗನಿಗೆ ಗೊತ್ತಾಗಬೇಕು. ಒಬ್ಬ ಸಾಕ್ಷಿಯನ್ನು ನಡುವೆ ತಂದು ನಿಲ್ಲಿಸಿದ ಕೂಡಲೇ ಯಾವುದನ್ನು ಹೇಳಬೇಕು, ಯಾವುದನ್ನು ಮುಚ್ಚಿಡಬೇಕು, ಯಾವಾಗ ಬಿಚ್ಚಬೇಕು ಎಂಬ ಲೆಕ್ಕವೆಲ್ಲ ಬದಲಾಯಿತು. ಮುಂದೆ ನಡೆದ ತಿದ್ದುಪಡಿಗಳೆಲ್ಲ ಈ ಒಂದು ನಿರ್ಧಾರದ ಬೆನ್ನಿಗೇ ಬಂದವು. ಯಾರು ಹೇಳುತ್ತಿದ್ದಾರೆ ಎಂಬುದು ಗಟ್ಟಿಯಾಗುವ ಮೊದಲು ವಾಕ್ಯ ತಿದ್ದುತ್ತ ಕೂತರೆ ಆ ಶ್ರಮವೆಲ್ಲ ನೀರುಪಾಲಾಗುತ್ತದೆ ಎಂಬುದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

1924ರ ಮೇ ತಿಂಗಳಲ್ಲಿ ಸಂಸಾರ ಹಡಗು ಹತ್ತಿ ಫ್ರಾನ್ಸಿಗೆ ಹೋಯಿತು. ಅಲ್ಲಿ ಖರ್ಚು ಕಡಿಮೆ, ಬರೆಯಲು ಬಿಡುವು ಹೆಚ್ಚು ಎಂಬುದು ಲೆಕ್ಕಾಚಾರ. ಮೆಡಿಟರೇನಿಯನ್ ತೀರದ ಸೇಂಟ್ ರಫೇಲ್‌ನಲ್ಲಿ ಮನೆ ಹಿಡಿದು ಆತ ಬೇಸಿಗೆಯೆಲ್ಲ ಬರೆದ. ಫಿಟ್ಸ್‌ಜೆರಾಲ್ಡ್ ಬೆರಳಚ್ಚು ಯಂತ್ರದಲ್ಲಿ ಬರೆಯುವವನಲ್ಲ. ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದ, ಬೆರಳಚ್ಚು ಮಾಡಿಸುತ್ತಿದ್ದ, ಆ ಪ್ರತಿಯ ಮೇಲೆ ತಿದ್ದುತ್ತಿದ್ದ, ಅದನ್ನು ಮತ್ತೆ ಬೆರಳಚ್ಚಿಗೆ ಕೊಡುತ್ತಿದ್ದ. ಪ್ರತಿ ಸುತ್ತಿನಲ್ಲೂ ತನ್ನ ಬರಹವನ್ನು ಬೇರೊಬ್ಬರ ಕೈಯಿಂದ ಬಂದ ಶುಭ್ರವಾದ ಪುಟದಲ್ಲಿ ಓದಲು ಇದರಿಂದ ಸಾಧ್ಯವಾಗುತ್ತಿತ್ತು. ತಪ್ಪು ಕಣ್ಣಿಗೆ ಬೀಳಲು ಇಷ್ಟು ದೂರ ಬೇಕಾಗುತ್ತದೆ. ಅಕ್ಟೋಬರ್ ಕೊನೆಯಲ್ಲಿ ಬೆರಳಚ್ಚು ಪ್ರತಿ ನ್ಯೂಯಾರ್ಕಿಗೆ ಹೊರಟಿತು.

ಈ ಹಂತದಲ್ಲಿ ಆದ ಒಂದು ಬದಲಾವಣೆಯನ್ನು ಹತ್ತಿರದಿಂದ ನೋಡಬೇಕು. ಕಾದಂಬರಿಯ ಕೊನೆಯ ಪುಟದಲ್ಲಿ ನಿಕ್ ಕಡಲ ದಂಡೆಯ ಮೇಲೆ ಕೂತು, ಆ ದ್ವೀಪವನ್ನು ಮೊದಲು ಕಂಡ ಡಚ್ ನಾವಿಕರನ್ನು ನೆನೆಯುತ್ತಾನೆ. ಇಡೀ ಪುಸ್ತಕದ ಅರ್ಥ ಅಲ್ಲಿ ಬಂದು ನಿಲ್ಲುತ್ತದೆಂದು ವಿಮರ್ಶಕರು ಹೇಳುತ್ತಾರೆ. ಪೆನ್ಸಿಲ್ ಹಸ್ತಪ್ರತಿಯಲ್ಲಿ ಆ ಭಾಗ ಇದ್ದದ್ದು ಮೊದಲ ಅಧ್ಯಾಯದ ಕೊನೆಗೆ. ಆಗಿನ್ನೂ ಗ್ಯಾಟ್ಸ್‌ಬಿ ಕತ್ತಲಲ್ಲಿ ನಿಂತ ಒಂದು ಆಕೃತಿ ಮಾತ್ರ. ಓದುಗನಿಗೆ ಅವನ ಕನಸು ಏನೆಂದೇ ತಿಳಿದಿರುವುದಿಲ್ಲ. ಆ ಜಾಗದಲ್ಲಿ ಅಷ್ಟು ದೊಡ್ಡ ಮಾತು ಬರೀ ಅಲಂಕಾರವಾಗುತ್ತಿತ್ತು. ಕನಸು ಮುರಿದು, ಗ್ಯಾಟ್ಸ್‌ಬಿಯ ಮಣ್ಣಾಗಿ, ಅವನ ಮನೆ ಖಾಲಿಬಿದ್ದ ಮೇಲೆ ಅದೇ ಮಾತಿಗೆ ತೂಕ ಬಂತು. ಬದಲಾದದ್ದು ಮುಖ್ಯವಾಗಿ ಅದರ ಜಾಗ. ಚೆನ್ನಾಗಿ ಬಂದ ಭಾಗವೊಂದು ಯಾಕೋ ಹೊಂದುತ್ತಿಲ್ಲ ಎನ್ನಿಸಿದಾಗ, ಅದನ್ನು ಹೊಡೆದುಹಾಕುವ ಮೊದಲು ಅದರ ಜಾಗ ಬೇರೆಲ್ಲೋ ಇದೆಯೇ ಎಂದು ನೋಡುವುದು ತಿದ್ದುಪಡಿಯ ಹಳೆಯ ಉಪಾಯಗಳಲ್ಲೊಂದು.

ನವೆಂಬರಿನಲ್ಲಿ ಪರ್ಕಿನ್ಸ್‌ನಿಂದ ಎರಡು ಪತ್ರಗಳು ಬಂದವು. ಮೊದಲನೆಯದರಲ್ಲಿ ಮೆಚ್ಚುಗೆ ಇತ್ತು. 20ನೆಯ ತಾರೀಖಿನ ಎರಡನೆಯದು ದೀರ್ಘವಾದದ್ದು. ಸಂಪಾದಕನೊಬ್ಬ ಕಾದಂಬರಿಕಾರನಿಗೆ ಬರೆದ ಪತ್ರಗಳಲ್ಲಿ ಅದು ಇಂದಿಗೂ ಮಾದರಿಯೆನಿಸಿಕೊಂಡಿದೆ. ಅದರಲ್ಲಿ ಪರ್ಕಿನ್ಸ್ ಎತ್ತಿದ್ದು ಬೆರಳೆಣಿಕೆಯಷ್ಟು ವಿಷಯಗಳನ್ನು. ಡೇಸಿಯ ಗಂಡ ಟಾಮ್ ಬ್ಯೂಕ್ಯಾನನ್ ಬೀದಿಯಲ್ಲಿ ಎದುರಾದರೆ ಗುರುತು ಹಿಡಿಯಬಹುದು, ಅಷ್ಟು ಸ್ಪಷ್ಟವಾಗಿದ್ದಾನೆ. ಗ್ಯಾಟ್ಸ್‌ಬಿ ಮಾತ್ರ ಮಸುಕು. ಅವನ ಸುತ್ತ ಒಂದಿಷ್ಟು ನಿಗೂಢತೆ ಬೇಕು ನಿಜ, ಆದರೂ ಅವನ ರೂಪ ಓದುಗನ ಕಣ್ಣಿಗೆ ನಿಲ್ಲಬೇಕು. ಅಷ್ಟು ಹಣ ಅವನಿಗೆ ಎಲ್ಲಿಂದ ಬಂತು ಎಂಬುದಕ್ಕೆ ಅಲ್ಲಲ್ಲಿ ಸೂಚನೆಯಾದರೂ ಇರಬೇಕು. ಅವನ ಪೂರ್ವಕಥೆಯನ್ನು ಕೊನೆಯ ಕಡೆಗೆ ಒಂದೇ ಗಂಟಾಗಿ ಸುರಿಯಲಾಗಿದೆ. ಅದನ್ನು ಒಡೆದು ಕಥೆಯ ಓಟದಲ್ಲಿ ಹಂಚಬಹುದೇನೋ. ನಡುವಿನ ಆರು ಮತ್ತು ಏಳನೆಯ ಅಧ್ಯಾಯಗಳು ಸಡಿಲವಾಗಿವೆ.

ಪತ್ರದ ಬಲ ಅದು ಹೇಳದೆ ಬಿಟ್ಟದ್ದರಲ್ಲೂ ಇದೆ. ಪರ್ಕಿನ್ಸ್ ಎಲ್ಲಿಯೂ ವಾಕ್ಯ ಬರೆದುಕೊಡಲಿಲ್ಲ, ಕಥೆ ಬದಲಿಸು ಎನ್ನಲಿಲ್ಲ. ಓದುವಾಗ ಎಲ್ಲಿ ಮುಗ್ಗರಿಸಿದೆ ಎಂಬುದನ್ನು ಹೇಳಿ, ಯಾಕಿರಬಹುದು ಎಂದು ಊಹಿಸಿ, ದಾರಿ ಹುಡುಕುವುದನ್ನು ಲೇಖಕನಿಗೇ ಬಿಟ್ಟ. ಇದರಿಂದ ಫಿಟ್ಸ್‌ಜೆರಾಲ್ಡ್‌ಗೆ ತಾನು ಮಾಡಬೇಕಾದ ಕೆಲಸದ ಒಂದು ಪಟ್ಟಿ ಸಿಕ್ಕಿತು. ಪುಸ್ತಕ ಚೆನ್ನಾಗಿಲ್ಲ ಎಂಬ ಅಸ್ಪಷ್ಟ ಕಳವಳದಿಂದ ತಿದ್ದಲು ಕೂತವನಿಗೆ ಎಲ್ಲಿ ಶುರುಮಾಡಬೇಕೆಂದೇ ತೋಚುವುದಿಲ್ಲ, ಹಾಗಾಗಿ ಎಲ್ಲಿ ನಿಲ್ಲಿಸಬೇಕೆಂಬುದೂ ತೋಚುವುದಿಲ್ಲ. ನಾಲ್ಕೈದು ಖಚಿತ ಪ್ರಶ್ನೆಗಳನ್ನು ಇಟ್ಟುಕೊಂಡು ಕೂತವನಿಗೆ ಕೆಲಸದ ಎರಡೂ ತುದಿ ಕಾಣುತ್ತವೆ.

ಡಿಸೆಂಬರಿನಲ್ಲಿ ಆತ ರೋಮ್ ನಗರದಿಂದ ಉತ್ತರ ಬರೆದ. ಗ್ಯಾಟ್ಸ್‌ಬಿ ನೋಡಲು ಹೇಗಿದ್ದಾನೆ, ಯಾವ ವ್ಯವಹಾರ ಮಾಡುತ್ತಾನೆ ಎಂಬುದು ತನಗೇ ಸರಿಯಾಗಿ ಗೊತ್ತಿರಲಿಲ್ಲ, ಅದು ಪರ್ಕಿನ್ಸ್‌ಗೆ ತಾಗಿಬಿಟ್ಟಿದೆ ಎಂದು ಒಪ್ಪಿಕೊಂಡ. ಗೊತ್ತಿದ್ದೂ ಹೇಳದೆ ಉಳಿಸಿಕೊಂಡಿದ್ದರೆ ಓದುಗನಿಗೆ ಹೀಗೆ ಅನ್ನಿಸುತ್ತಿರಲಿಲ್ಲ ಎಂಬುದು ಆತನ ತರ್ಕ. ಲೇಖಕ ಬಲ್ಲದ್ದನ್ನು ಮುಚ್ಚಿಟ್ಟಾಗ ಪುಟದಲ್ಲಿ ಕುತೂಹಲ ಹುಟ್ಟುತ್ತದೆ. ಅವನಿಗೇ ತಿಳಿಯದ್ದು ಇದ್ದಾಗ ಪುಟ ಮಬ್ಬಾಗುತ್ತದೆ. ಹಾಗಾಗಿ ತಿದ್ದುವ ಮೊದಲು ತಿಳಿದುಕೊಳ್ಳಬೇಕಾಯಿತು. ನ್ಯೂಯಾರ್ಕಿನಲ್ಲಿ 1922ರಲ್ಲಿ ದಿವಾಳಿಯೆದ್ದ ಷೇರು ದಲ್ಲಾಳಿಗಳಾದ ಫುಲ್ಲರ್ ಮತ್ತು ಮೆಕ್‌ಗೀ ಅವರ ಮೊಕದ್ದಮೆ ಆಗ ಜನರ ಬಾಯಲ್ಲಿತ್ತು. ಅದರ ವಿವರಗಳನ್ನು ಆತ ತಲೆಗೆ ತಂದುಕೊಂಡ. ಗ್ಯಾಟ್ಸ್‌ಬಿಯ ಮುಖ ಕಣ್ಣಿಗೆ ಕಟ್ಟುವವರೆಗೆ ಝೆಲ್ಡಾಳಿಂದ ಅವನ ಚಿತ್ರ ಬರೆಸಿದ; ಅವಳ ಬೆರಳು ನೋಯುವಷ್ಟು ಬರೆಸಿದೆ ಎಂದು ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಈ ಚಿತ್ರಗಳಲ್ಲಿ, ಆ ಮೊಕದ್ದಮೆಯಲ್ಲಿ ಇದ್ದದ್ದರ ಹೆಚ್ಚಿನ ಪಾಲು ಪುಸ್ತಕದೊಳಕ್ಕೆ ಬರಲೇ ಇಲ್ಲ. ಬಂದದ್ದು ಅವುಗಳಿಂದ ಹುಟ್ಟಿದ ಖಚಿತತೆ.

ಇಷ್ಟರಲ್ಲಿ ಸ್ಕ್ರಿಬ್ನರ್ಸ್ ಪುಸ್ತಕವನ್ನು ಅಚ್ಚಿಗೆ ಜೋಡಿಸಿ ಗ್ಯಾಲಿ ಪ್ರೂಫ್ ಕಳಿಸಿತು. ಪುಟಗಳಾಗಿ ಒಡೆಯುವ ಮೊದಲು ಉದ್ದನೆಯ ಕಾಗದದ ಮೇಲೆ ತೆಗೆಯುವ ಕರಡಚ್ಚು ಅದು. ಸಾಮಾನ್ಯವಾಗಿ ಆ ಹಂತದಲ್ಲಿ ಲೇಖಕನಿಂದ ನಿರೀಕ್ಷಿಸುವುದು ಬಿಟ್ಟುಹೋದ ಅಕ್ಷರ, ತಪ್ಪಿದ ವಿರಾಮಚಿಹ್ನೆ ಗುರುತಿಸುವುದಷ್ಟೇ. ಅದಕ್ಕಿಂತ ಹೆಚ್ಚು ಬದಲಿಸಿದರೆ ಜೋಡಿಸಿದ ಸಾಲುಗಳನ್ನು ಕಿತ್ತು ಮತ್ತೆ ಜೋಡಿಸಬೇಕು, ಅದಕ್ಕೆ ಹಣ ಬೇಕು. ಫಿಟ್ಸ್‌ಜೆರಾಲ್ಡ್ ಆ ಕಾಗದಗಳನ್ನು ಇನ್ನೊಂದು ಕರಡಿನಂತೆ ಬಳಸಿದ. ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದ, ಸಾಲುಗಟ್ಟಲೆ ಹೊಡೆದುಹಾಕಿದ, ಹೊಸದಾಗಿ ಬೆರಳಚ್ಚು ಮಾಡಿಸಿದ ಭಾಗಗಳನ್ನು ನಡುವೆ ಸೇರಿಸಿದ. ಆರು ಮತ್ತು ಏಳನೆಯ ಅಧ್ಯಾಯಗಳು ಬಹುಮಟ್ಟಿಗೆ ಹೊಸದಾಗಿ ಹುಟ್ಟಿದವು.

ಮುಖ್ಯವಾದ ಬದಲಾವಣೆ ಪೂರ್ವಕಥೆಯದು. ಗ್ಯಾಟ್ಸ್‌ಬಿ ನಿಜವಾಗಿ ನಾರ್ತ್ ಡಕೋಟಾದ ಬಡ ರೈತರ ಮಗ ಜೇಮ್ಸ್ ಗ್ಯಾಟ್ಜ್. ಹದಿನೇಳರ ಹರೆಯದಲ್ಲಿ ಡ್ಯಾನ್ ಕೋಡಿ ಎಂಬ ಸಿರಿವಂತನ ವಿಹಾರ ನೌಕೆ ಸೇರಿ ಹೆಸರನ್ನೂ ಬದುಕನ್ನೂ ಬದಲಿಸಿಕೊಂಡವನು. ಮೊದಲ ಬೆರಳಚ್ಚು ಪ್ರತಿಯಲ್ಲಿ ಇದೆಲ್ಲ ಎಂಟನೆಯ ಅಧ್ಯಾಯದಲ್ಲಿ, ಕಥೆಯನ್ನು ದುರಂತಕ್ಕೆ ತಿರುಗಿಸುವ ಅನಾಹುತ ಆದಮೇಲೆ, ಗ್ಯಾಟ್ಸ್‌ಬಿಯ ಬಾಯಿಂದಲೇ ಬರುತ್ತಿತ್ತು. ತಿದ್ದಿದ ರೂಪದಲ್ಲಿ ಕೋಡಿಯ ಕಥೆ ಆರನೆಯ ಅಧ್ಯಾಯದ ಶುರುವಿಗೆ ಬಂತು. ಇದನ್ನೆಲ್ಲ ಅವನು ಹೇಳಿದ್ದು ಬಹಳ ದಿನಗಳ ಮೇಲೆ, ಆದರೆ ಸುಳ್ಳುಸುದ್ದಿಗಳು ನಿಲ್ಲಲೆಂದು ಈಗಲೇ ಹೇಳುತ್ತಿದ್ದೇನೆ ಎಂದು ನಿಕ್ ಅಲ್ಲಿ ತಿಳಿಸುತ್ತಾನೆ. ಎಂಟನೆಯ ಅಧ್ಯಾಯದಲ್ಲಿ ಉಳಿದದ್ದು ಲೂಯಿವಿಲ್‌ನಲ್ಲಿ ಡೇಸಿಯೊಂದಿಗೆ ಕಳೆದ ದಿನಗಳ ನೆನಪು. ಇದರಿಂದ ಎರಡು ಲಾಭವಾದವು. ಏಳನೆಯ ಅಧ್ಯಾಯದ ಜಗಳಕ್ಕೆ ಹೋಗುವಾಗ ಓದುಗನಿಗೆ ಗ್ಯಾಟ್ಸ್‌ಬಿ ಕಟ್ಟಿಕೊಂಡ ಸುಳ್ಳಿನ ಕೆಳಗಿರುವ ನಿಜ ಗೊತ್ತಿರುತ್ತದೆ, ಆದ್ದರಿಂದ ಟಾಮ್‌ನ ಪ್ರತಿ ಏಟೂ ತಾಗುತ್ತದೆ. ಅನಾಹುತದ ನಂತರದ ಅಧ್ಯಾಯಕ್ಕೆ ಹೊರೆ ಕಡಿಮೆಯಾಗಿ, ಅಲ್ಲಿ ಪ್ರೀತಿಯ ಮಾತಿಗಷ್ಟೇ ಜಾಗ ಉಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಆ ಜಗಳ ನಡೆಯುವ, ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನ ದೃಶ್ಯ. ಸುಡುಬಿಸಿಲಿನ ಮಧ್ಯಾಹ್ನ, ಒಂದೇ ಕೋಣೆಯಲ್ಲಿ ಐದು ಜನ. ಡೇಸಿ ಗಂಡನನ್ನು ಬಿಡುತ್ತಾಳೋ ಇಲ್ಲವೋ ಎಂಬುದು ಅಲ್ಲಿ ತೀರ್ಮಾನವಾಗಬೇಕು. ಆ ಗಳಿಗೆಯಲ್ಲಿ ಡೇಸಿಯ ಮನಸ್ಸು ಹೇಗೆ ಓಡುತ್ತದೆ ಎಂಬುದು ಎಷ್ಟು ಬರೆದರೂ ತನ್ನ ಹಿಡಿತಕ್ಕೆ ಸಿಗುತ್ತಿಲ್ಲವೆಂದು ಆತ ಪರ್ಕಿನ್ಸ್‌ಗೆ ಬರೆದ. ಆ ಅಧ್ಯಾಯ ಎಂದಿಗೂ ಪೂರ್ತಿ ತನ್ನ ಮನಸ್ಸಿಗೆ ಬರುವಂತಾಗುವುದಿಲ್ಲವೇನೋ ಎಂಬ ಅನುಮಾನವನ್ನೂ ತೋಡಿಕೊಂಡ. ಆದರೂ ಅಲ್ಲಿಗೇ ಕೂತುಬಿಡಲಿಲ್ಲ. ಕೈಲಾದಷ್ಟು ಸರಿಪಡಿಸಿ ಮುಂದಕ್ಕೆ ಸಾಗಿದ.

1925ರ ಫೆಬ್ರವರಿ ನಡುವಿಗೆ ಕೊನೆಯ ಗ್ಯಾಲಿಗಳು ಹೊರಟವು. ಜೊತೆಗೆ ಬರೆದ ಪತ್ರದಲ್ಲಿ ಆತ ಮಾಡಿದ ಕೆಲಸವನ್ನು ಅಂಕಿ ಹಾಕಿ ಪಟ್ಟಿಮಾಡಿದ್ದಾನೆ: ಗ್ಯಾಟ್ಸ್‌ಬಿಗೆ ಜೀವ ಬಂದಿದೆ, ಅವನ ಹಣದ ಮೂಲಕ್ಕೆ ಸಮಾಧಾನ ಸಿಕ್ಕಿದೆ, ಬಲಹೀನವಾಗಿದ್ದ ಎರಡು ಅಧ್ಯಾಯಗಳು ಸರಿಯಾಗಿವೆ, ಮೊದಲ ಔತಣಕೂಟ ಸುಧಾರಿಸಿದೆ, ಎಂಟನೆಯ ಅಧ್ಯಾಯದ ಉದ್ದನೆಯ ಕಥನ ಒಡೆದಿದೆ. ನವೆಂಬರಿನ ಪತ್ರವನ್ನೂ ಫೆಬ್ರವರಿಯ ಪತ್ರವನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಒಂದು ಪ್ರಶ್ನಪತ್ರಿಕೆ, ಇನ್ನೊಂದು ಅದರ ಉತ್ತರ. ಪುಸ್ತಕ ಅದ್ಭುತವಾಗಿದೆ ಎಂಬ ಮಾತಿಗಿಂತ, ಎತ್ತಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟಾಯಿತು ಎಂಬ ಮಾತೇ ಆ ಪತ್ರದಲ್ಲಿ ಮುಂದಿದೆ. ಹಸ್ತಪ್ರತಿ ಮುಗಿದದ್ದರ ಮೊದಲ ಗುರುತು ಇದು.

ಪ್ರಶ್ನೆಯಿಲ್ಲದ ತಿದ್ದುಪಡಿ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಅದೇ ಪುಸ್ತಕದ ಶೀರ್ಷಿಕೆಯ ಗೊಂದಲ ಸಾಕ್ಷಿ. ‘ಅಮಂಗ್ ಆ್ಯಶ್‌ಹೀಪ್ಸ್ ಅಂಡ್ ಮಿಲಿಯನೇರ್ಸ್’, ‘ಗೋಲ್ಡ್‌ಹ್ಯಾಟೆಡ್ ಗ್ಯಾಟ್ಸ್‌ಬಿ’, ‘ದಿ ಹೈಬೌನ್ಸಿಂಗ್ ಲವರ್’ ಹೀಗೆ ಹೆಸರುಗಳು ಬಂದು ಹೋದವು. ಬಹಳ ದಿನ ಆತ ಹಿಡಿದುಕೊಂಡಿದ್ದದ್ದು ‘ಟ್ರಿಮಾಲ್ಕಿಯೋ’ ಎಂಬುದನ್ನು. ಪ್ರಾಚೀನ ರೋಮಿನ ಪೆಟ್ರೋನಿಯಸ್ ಬರೆದ ಕೃತಿಯಲ್ಲಿ ಆಡಂಬರದ ಔತಣ ಕೊಡುವ ಹೊಸ ಸಿರಿವಂತನ ಹೆಸರದು. ಪರ್ಕಿನ್ಸ್ ಒಪ್ಪಲಿಲ್ಲ. ಗ್ಯಾಲಿಗಳೆಲ್ಲ ಮುಗಿದ ಮೇಲೆ, ಮಾರ್ಚ್‌ನಲ್ಲಿ, ಇಟಲಿಯ ಕ್ಯಾಪ್ರಿ ದ್ವೀಪದಿಂದ ತಂತಿ ಕಳಿಸಿ ‘ಅಂಡರ್ ದ ರೆಡ್ ವೈಟ್ ಅಂಡ್ ಬ್ಲೂ’ ಎಂದು ಇಡಲು ಎಷ್ಟು ತಡವಾಗುತ್ತದೆ ಎಂದು ಕೇಳಿದ. ಕಾಲ ಮೀರಿತ್ತು. ಅಧ್ಯಾಯಗಳ ವಿಷಯದಲ್ಲಿ ಆತನಿಗೆ ಸಮಸ್ಯೆ ಏನೆಂದು ಗೊತ್ತಿತ್ತು, ಬದಲಾವಣೆ ಅದನ್ನು ಬಗೆಹರಿಸುತ್ತಿತ್ತು. ಶೀರ್ಷಿಕೆಯಲ್ಲಿ ಇದ್ದದ್ದು ಬರೀ ಅಸಮಾಧಾನ. ಹೊಸ ಹೆಸರು ಹಳೆಯದಕ್ಕಿಂತ ಮೇಲೆಂಬುದಕ್ಕೆ ಕಾರಣವಿರಲಿಲ್ಲ. ಬದಲಾವಣೆ ಪುಸ್ತಕವನ್ನು ಮೇಲಕ್ಕೆತ್ತದೆ ಅಕ್ಕಪಕ್ಕಕ್ಕೆ ಮಾತ್ರ ಸರಿಸುತ್ತಿದೆ ಎಂದಾದರೆ ಕೆಲಸ ಮುಗಿದಿದೆ ಎಂದೇ ಅರ್ಥ. ಇದು ಎರಡನೆಯ ಗುರುತು.

ಪುಸ್ತಕ 1925ರ ಏಪ್ರಿಲ್ 10ರಂದು ಪ್ರಕಟವಾಯಿತು. ಅದರಲ್ಲಿ ಲೋಪಗಳು ಉಳಿದಿದ್ದವು. ಗ್ರೇಟ್ ನೆಕ್‌ನ ನೆರೆಯವನಾಗಿದ್ದ ಹಾಸ್ಯಲೇಖಕ ರಿಂಗ್ ಲಾರ್ಡ್ನರ್ ಮೊದಲೇ ಓದಿ, ಸುಪೀರಿಯರ್ ಸರೋವರಕ್ಕೆ ಉಬ್ಬರವಿಳಿತವಿಲ್ಲ ಎಂಬಂಥ ವಾಸ್ತವದ ತಪ್ಪುಗಳನ್ನು ಎತ್ತಿ ತೋರಿಸಿದ್ದ. ಇವಕ್ಕಿಂತ ದೊಡ್ಡದೊಂದು ಲೋಪ ಲೇಖಕನಿಗೇ ಗೊತ್ತಿತ್ತು. ಪ್ರಕಟಣೆಯಾದ ಮೇಲೆ ಗೆಳೆಯ ಎಡ್ಮಂಡ್ ವಿಲ್ಸನ್‌ಗೆ ಬರೆದ ಪತ್ರದಲ್ಲಿ, ಗ್ಯಾಟ್ಸ್‌ಬಿ ಮತ್ತು ಡೇಸಿ ಮತ್ತೆ ಸೇರಿದ ದಿನದಿಂದ ಅನಾಹುತದವರೆಗೆ ಅವರಿಬ್ಬರ ನಡುವೆ ಏನಿತ್ತು ಎಂಬುದನ್ನು ತಾನು ಬರೆದೇ ಇಲ್ಲ, ಅದರ ಅನುಭವವೂ ತನಗಿರಲಿಲ್ಲ, ಆ ಬಿರುಕನ್ನು ಒಳ್ಳೆಯ ಗದ್ಯದಿಂದ ಎಷ್ಟು ಜಾಣತನದಿಂದ ಮುಚ್ಚಿದ್ದೇನೆಂದರೆ ಯಾರಿಗೂ ಕಾಣಲಿಲ್ಲ ಎಂಬ ಅರ್ಥದ ಮಾತು ಬರೆದ. ಅಂದರೆ ದೋಷ ಉಳಿದಿದೆಯೆಂದು ತಿಳಿದೂ ಆತ ಪುಸ್ತಕವನ್ನು ಬಿಟ್ಟುಕೊಟ್ಟಿದ್ದ. ಆ ಬಿರುಕು ತುಂಬಬೇಕಾದರೆ ನಿಕ್‌ಗೆ ಕಾಣದ ಕೋಣೆಯೊಳಕ್ಕೆ ಕಥೆ ಹೋಗಬೇಕಿತ್ತು. ಹಾಗೆ ಮಾಡಿದರೆ 1924ರಲ್ಲಿ ಆರಿಸಿಕೊಂಡ ನಿರೂಪಣೆಯೇ ಒಡೆದುಹೋಗುತ್ತಿತ್ತು. ಉಳಿದ ದೋಷವನ್ನು ನೀಗಲು ಬೇರೆಯದೇ ಪುಸ್ತಕ ಬರೆಯಬೇಕಾಗುತ್ತದೆ ಎಂಬ ಸ್ಥಿತಿ ಮೂರನೆಯ ಗುರುತು.

ಮಾರಾಟ ನಿರೀಕ್ಷೆ ಮುಟ್ಟಲಿಲ್ಲ. ಮೊದಲ ಮುದ್ರಣ 20,870 ಪ್ರತಿ. ಆಗಸ್ಟ್‌ನಲ್ಲಿ ಇನ್ನೂ 3,000 ಪ್ರತಿ ಅಚ್ಚಾದವು. ಲೇಖಕ ತೀರಿಕೊಂಡಾಗ ಆ ಎರಡನೆಯ ಮುದ್ರಣದ ಪ್ರತಿಗಳು ಇನ್ನೂ ಗೋದಾಮಿನಲ್ಲಿದ್ದವು. ಪುಸ್ತಕ ಸೋತರೆ ಅದು ಮುಗಿದಿರಲಿಲ್ಲವೇನೋ ಎಂಬ ಸಂಶಯ ಲೇಖಕನಿಗೆ ಬರುವುದು ಸಹಜ. ಫಿಟ್ಸ್‌ಜೆರಾಲ್ಡ್ ದೂರಿದ್ದು ಶೀರ್ಷಿಕೆಯನ್ನು, ಮತ್ತು ಓದುಗಿತ್ತಿಯರನ್ನು ಸೆಳೆಯುವ ಸ್ತ್ರೀಪಾತ್ರವಿಲ್ಲದ್ದನ್ನು. ತಾನು ಮಾಡಿದ ಕೆಲಸವನ್ನಲ್ಲ. 1934ರಲ್ಲಿ ಮಾಡರ್ನ್ ಲೈಬ್ರರಿ ಮಾಲೆಯ ಮುದ್ರಣಕ್ಕೆ ಬರೆದ ಮುನ್ನುಡಿಯಲ್ಲಿ ಆ ತಿಂಗಳುಗಳನ್ನು ನೆನೆಯುತ್ತ, ಕಲೆಯ ವಿಷಯದಲ್ಲಿ ತನ್ನ ಅಂತಃಸಾಕ್ಷಿಯನ್ನು ಅಷ್ಟು ಶುದ್ಧವಾಗಿ ಇಟ್ಟುಕೊಂಡ ಕಾಲ ಬೇರೊಂದಿಲ್ಲ ಎಂಬರ್ಥದಲ್ಲಿ ಹೇಳಿದ. ಈಗ ಓದಿದರೆ ಎಲ್ಲೆಲ್ಲಿ ಸುಧಾರಿಸಬಹುದಿತ್ತೆಂದು ಕಾಣುತ್ತದೆ, ಆದರೂ ತಾನು ಕಂಡ ಸತ್ಯಕ್ಕೆ ತಪ್ಪಿ ನಡೆದ ಅಪರಾಧಭಾವ ಇಲ್ಲ ಎಂಬುದು ಅದರ ಸಾರ. ಹತ್ತಿರ ಹತ್ತಿರ ಹತ್ತು ವರ್ಷದ ನಂತರದ ಈ ಮಾತಿನಲ್ಲಿ ತಿದ್ದಬಹುದಾದದ್ದು ಮತ್ತು ತಿದ್ದಲೇಬೇಕಾದದ್ದು ಎರಡೂ ಬೇರೆಯಾಗಿ ನಿಂತಿವೆ.

ಇದೇ ಲೇಖಕನ ಮುಂದಿನ ಕಾದಂಬರಿ ಉಲ್ಟಾ ಹಾದಿ ಹಿಡಿಯಿತು. ‘ಟೆಂಡರ್ ಈಸ್ ದ ನೈಟ್’ 1925ರಲ್ಲಿ ಶುರುವಾಗಿ ಪ್ರಕಟವಾದದ್ದು 1934ರಲ್ಲಿ. ಮೊದಲು ಅದು ತಾಯಿಯನ್ನು ಕೊಲ್ಲುವ ಫ್ರಾನ್ಸಿಸ್ ಮೆಲಾರ್ಕಿ ಎಂಬ ಯುವಕನ ಕಥೆಯಾಗಿತ್ತು. ವರ್ಷಗಟ್ಟಲೆ ಅದನ್ನು ತಿದ್ದಿದ. ಬಿಟ್ಟು ಇನ್ನೊಂದು ಕಥೆ ಹಿಡಿದ. ಮತ್ತೆ ಹಳೆಯದಕ್ಕೆ ಮರಳಿದ. ನಡುನಡುವೆ ಹಣಕ್ಕಾಗಿ ಸಣ್ಣಕತೆ, ಹಾಲಿವುಡ್ ಕೆಲಸ, ಕುಡಿತ. 1930ರಲ್ಲಿ ಝೆಲ್ಡಾ ಮಾನಸಿಕ ಕಾಯಿಲೆಯಿಂದ ಸ್ವಿಟ್ಜರ್ಲೆಂಡಿನ ಆಸ್ಪತ್ರೆ ಸೇರಿದಳು. 1932ರಲ್ಲಿ ಬಾಲ್ಟಿಮೋರ್ ಹತ್ತಿರ ನೆಲೆಸಿ ಆತ ಹೊಸ ಯೋಜನೆ ಹಾಕಿದಾಗಲೇ ಕಥೆಗೆ ನೆಲೆ ಸಿಕ್ಕಿತು: ತನ್ನ ರೋಗಿಯನ್ನೇ ಮದುವೆಯಾಗಿ ಕ್ರಮೇಣ ಕುಸಿಯುವ ಮನೋವೈದ್ಯ ಡಿಕ್ ಡೈವರ್. ಈ ಹಸ್ತಪ್ರತಿಗಳನ್ನು ಅಭ್ಯಾಸ ಮಾಡಿದ ವಿದ್ವಾಂಸ ಮ್ಯಾಥ್ಯೂ ಬ್ರಕೋಲಿ ಮೂರು ಪ್ರತ್ಯೇಕ ಕಥಾರೂಪಗಳನ್ನೂ ಹದಿನೇಳು ಕರಡು ಹಂತಗಳನ್ನೂ ಗುರುತಿಸಿದ್ದಾನೆ.

ಇಲ್ಲಿ ಕೊರತೆಯಿದ್ದದ್ದು ಶ್ರಮದ್ದಲ್ಲ. 1934ರ ಮೊದಲ ತಿಂಗಳುಗಳಲ್ಲಿ ಕಾದಂಬರಿ ‘ಸ್ಕ್ರಿಬ್ನರ್ಸ್ ಮ್ಯಾಗಜಿನ್’ನಲ್ಲಿ ಧಾರಾವಾಹಿಯಾಗಿ ಬರುತ್ತಿದ್ದಾಗಲೂ, ಪುಸ್ತಕದ ಕರಡಚ್ಚು ಕೈಗೆ ಬಂದಾಗಲೂ ಆತ ತಿದ್ದುತ್ತಲೇ ಇದ್ದ. ಏಪ್ರಿಲ್ 12ರಂದು ಪುಸ್ತಕ ಬಂದ ಮೇಲೂ ಅದು ಆತನನ್ನು ಬಿಡಲಿಲ್ಲ. ಕಥೆಯ ನಿಜವಾದ ಆರಂಭ, ಅಂದರೆ ಸ್ವಿಟ್ಜರ್ಲೆಂಡಿನ ತರುಣ ವೈದ್ಯನ ಭಾಗ, ಪುಸ್ತಕದ ನಡುವೆ ಹೂತುಹೋಗಿದೆ ಎಂದು 1938ರಲ್ಲಿ ಪರ್ಕಿನ್ಸ್‌ಗೆ ಬರೆದ. ತನ್ನ ಸ್ವಂತ ಪ್ರತಿಯನ್ನೇ ಬಿಚ್ಚಿ, ಭಾಗಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ, ತನಗೆ ಬೇಕಾದ ಅಂತಿಮ ರೂಪ ಇದೇ ಎಂದು ಅದರಲ್ಲಿ ಗುರುತು ಹಾಕಿಟ್ಟ. ವಿಮರ್ಶಕ ಮಾಲ್ಕಮ್ ಕೌಲಿ 1951ರಲ್ಲಿ ಆ ಕ್ರಮದಲ್ಲೇ ಪುಸ್ತಕವನ್ನು ಪ್ರಕಟಿಸಿದ. ಕೆಲವು ಕಾಲ ಎರಡೂ ರೂಪಗಳು ಓದುಗರ ಕೈಯಲ್ಲಿದ್ದವು. ಕೊನೆಗೆ ಉಳಿದುಕೊಂಡದ್ದು ಹೆಚ್ಚಾಗಿ 1934ರ ಕ್ರಮವೇ. ಡೈವರ್ ದಂಪತಿಯ ಹೊಳಪನ್ನು ಮೊದಲು ಹುಡುಗಿಯೊಬ್ಬಳ ಮೆಚ್ಚುಗೆಯ ಕಣ್ಣಿನಿಂದ ಕಂಡು, ಆಮೇಲೆ ಒಳಗಿನ ಹುಳುಕು ತಿಳಿಯುವ ಸುಖ ಕಾಲಾನುಕ್ರಮದ ರೂಪದಲ್ಲಿ ಇಲ್ಲವಾಗುತ್ತದೆ. ಒಂದು ಕೊರತೆ ನೀಗಲು ಹೋಗಿ ಪುಸ್ತಕದ ದೊಡ್ಡ ಗುಣವೊಂದು ಕೈತಪ್ಪಿತ್ತು.

ಗ್ಯಾಟ್ಸ್‌ಬಿಯಲ್ಲಿ ಯಾರು ಹೇಳಬೇಕು ಎಂಬುದು 1924ರಲ್ಲಿ ಹೊಸದಾಗಿ ಹೊರಟಾಗಲೇ ಇತ್ಯರ್ಥವಾಗಿತ್ತು. ಉಳಿದ ಪ್ರಶ್ನೆಗಳು ಅದರೊಳಗೆ ಹುಟ್ಟಿ ಅದರೊಳಗೇ ತೀರಿದವು. ‘ಟೆಂಡರ್ ಈಸ್ ದ ನೈಟ್’ನಲ್ಲಿ ಇದು ಯಾರ ಕಥೆ, ಯಾವ ಕಡೆಯಿಂದ ಹೇಳಬೇಕು ಎಂಬ ಬುಡದ ಪ್ರಶ್ನೆಯೇ ಬಹುಕಾಲ ತೆರೆದಿತ್ತು. ಅದು ತೆರೆದಿರುವವರೆಗೆ ವಾಕ್ಯ ಎಷ್ಟೇ ನುಣುಪಾದರೂ ಹಸ್ತಪ್ರತಿ ಮುಗಿಯುವುದಿಲ್ಲ.

ಕೊನೆಯ ಕಾದಂಬರಿ ‘ದಿ ಲಾಸ್ಟ್ ಟೈಕೂನ್’ ಪೂರ್ತಿಯಾಗಲಿಲ್ಲ. 1940ರ ಡಿಸೆಂಬರ್ 21ರಂದು ಹಾಲಿವುಡ್‌ನಲ್ಲಿ ಫಿಟ್ಸ್‌ಜೆರಾಲ್ಡ್ ಹೃದಯಾಘಾತದಿಂದ ತೀರಿಕೊಂಡ. ಆಗ ವಯಸ್ಸು 44. ವಿಲ್ಸನ್ ಸಂಪಾದಿಸಿ 1941ರಲ್ಲಿ ಪ್ರಕಟಿಸಿದ ಆ ಅಪೂರ್ಣ ಕೃತಿಯೊಂದಿಗೆ ಲೇಖಕನ ಟಿಪ್ಪಣಿಗಳೂ ಇವೆ. ಮೊದಲ ಅಧ್ಯಾಯದ ಕರಡಿನ ಮೇಲೆ ಆತ ತನಗೇ ಬರೆದುಕೊಂಡ ಸೂಚನೆ ತಿದ್ದುಪಡಿಯ ಇನ್ನೊಂದು ಅಪಾಯವನ್ನು ತೋರಿಸುತ್ತದೆ. ತಿದ್ದಿ ತಿದ್ದಿ ಬರಹ ಬಿಗಿದುಕೊಂಡಿದೆ, ಹಿಂದಿನ ಕರಡನ್ನು ನೋಡದೆ ಭಾವದಿಂದಲೇ ಮತ್ತೆ ಬರೆಯಬೇಕು ಎಂಬುದು ಅದರ ತಾತ್ಪರ್ಯ. ಸೇಂಟ್ ಪಾಲ್‌ನಲ್ಲಿ ಇಪ್ಪತ್ತೆರಡರ ಹುಡುಗ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಬರಹಕ್ಕೆ ಬಿಗಿತ ಬಂದಾಗ ಅದು ಮುಗಿಯುವ ಹಂತದಲ್ಲಿದೆ ಎಂದು ತೋರುತ್ತದೆ. ಹಾಗೆ ತೋರುವುದು ಬಳಲಿಕೆಯಿಂದ. ಆಗ ಬೇಕಾದದ್ದು ಇನ್ನೊಂದು ಸುತ್ತಿನ ತಿದ್ದುಪಡಿಯೂ ಅಲ್ಲ, ಪ್ರಕಾಶಕನ ವಿಳಾಸವೂ ಅಲ್ಲ, ಖಾಲಿ ಹಾಳೆ.

ಫಿಟ್ಸ್‌ಜೆರಾಲ್ಡ್‌ನ ಕರಡುಗಳು ಕಲಿಸುವುದನ್ನು ಹೀಗೆ ಕೂಡಿಸಬಹುದು. ತಿದ್ದುಪಡಿಗೆ ಒಂದು ಕ್ರಮವಿದೆ: ಮೊದಲು ನಿರೂಪಣೆಯ ನೆಲೆ, ಆಮೇಲೆ ಘಟನೆಗಳ ಜಾಗ, ನಂತರ ಪಾತ್ರಗಳ ಸ್ಪಷ್ಟತೆ, ಕೊನೆಗೆ ವಾಕ್ಯ. ನಂಬಿಕೆಯ ಓದುಗನೊಬ್ಬ ಎತ್ತಿದ ಖಚಿತ ಪ್ರಶ್ನೆಗಳು ಆ ಕೆಲಸಕ್ಕೆ ಗಡಿ ಹಾಕುತ್ತವೆ. ಆ ಪ್ರಶ್ನೆಗಳು ತೀರಿದಾಗ, ಬದಲಾವಣೆಗಳು ಲಾಭವಿಲ್ಲದೆ ಅಕ್ಕಪಕ್ಕಕ್ಕೆ ಸರಿಯತೊಡಗಿದಾಗ, ಉಳಿದ ದೋಷ ನೀಗಲು ಬೇರೆ ಪುಸ್ತಕವೇ ಬೇಕಾದಾಗ ಹಸ್ತಪ್ರತಿ ಮುಗಿದಿರುತ್ತದೆ. ದೋಷವೇ ಉಳಿಯದ ದಿನಕ್ಕಾಗಿ ಕಾದರೆ ಆ ದಿನ ಬರುವುದಿಲ್ಲ. ತನ್ನ ಪುಸ್ತಕದ ಬಿರುಕು ಎಲ್ಲಿದೆಯೆಂದು ತಿಳಿದು, ಅದರೊಡನೆಯೇ ಅದನ್ನು ಅಚ್ಚಿಗೆ ಬಿಟ್ಟುಕೊಡುವುದು ಕಾದಂಬರಿಕಾರ ಮಾಡಬೇಕಾದ ಕೊನೆಯ ತೀರ್ಮಾನ.